ಸೊನ್ನೆ ಬರೆದ ವರ್ಷ

ವಿಜ್ಞಾನದ ಟೀಚರ್ ಅನ್ನೋ ಒಂದೇ ಕಾರಣಕ್ಕೆ ಇಕೋ ಕ್ಲಬ್ ನನ್ನ ಪಾಲಿಗೆ ಬಂದಿತ್ತು. ಚನ್ನಗಿರಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ ನಮ್ಮದು. ಮೊದಲ ಕೆಲವು ವರ್ಷ ನಾನೂ ಎಲ್ಲರಂತೆ ದಿನಾಚರಣೆಗಳನ್ನೇ ಮಾಡಿದೆ. ಜೂನ್ 5ಕ್ಕೆ ಗಿಡ ನೆಡುವುದು, ಫೋಟೊ ತೆಗೆದು ಗ್ರೂಪಿಗೆ ಹಾಕುವುದು, ಮುಂದಿನ ಜೂನ್ 5ಕ್ಕೆ ಅದೇ ಗುಂಡಿಯಲ್ಲಿ ಇನ್ನೊಂದು ಗಿಡ ನೆಡುವುದು. ನಗಬೇಡಿ, ನಿಮ್ಮ ಶಾಲೆಯಲ್ಲೂ ಅಂಥದ್ದೊಂದು ಗುಂಡಿ ಇರುತ್ತೆ.

2023ರ ಜೂನ್‌ನಲ್ಲಿ ಎಚ್ಚೆಮ್ ಸರ್‌ಗೆ ಹೇಳಿದೆ, ಈ ವರ್ಷ ಒಂದೇ ಕೆಲಸ ಮಾಡ್ತೀವಿ, ಮಳೆ ಅಳೀತೀವಿ ಅಂತ. "ಖರ್ಚೆಷ್ಟು?" ಅಂದರು. "ಏನಿಲ್ಲ ಸರ್" ಅಂದೆ. ಕೂಡಲೇ ಒಪ್ಪಿದರು.

ಎರಡು ಲೀಟರಿನ ತಂಪು ಪಾನೀಯದ ಬಾಟಲಿ ಸಾಕು. ಮೇಲಿನ ಕಾಲು ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಇಟ್ಟರೆ ಆಲಿಕೆ ಆಯಿತು. ಬಾಯಿಯ ಅಗಲ, ಒಳಗಿನ ಅಗಲ ಎರಡೂ ಒಂದೇ ಇರುವುದರಿಂದ ನಿಂತ ನೀರನ್ನು ಸ್ಕೇಲಿನಿಂದಲೇ ಮಿಲಿಮೀಟರಿನಲ್ಲಿ ಓದಬಹುದು. ತೊಂದರೆ ಇರುವುದು ತಳದಲ್ಲಿ. ಬಾಟಲಿಯ ತಳ ಉಬ್ಬುತಗ್ಗು. ನಾವು ಒಂದು ಹಿಡಿ ಜಲ್ಲಿಕಲ್ಲು ಹಾಕಿ, ಗೋಡೆ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿಗೆ ಮಾರ್ಕರ್‌ನಿಂದ ಸೊನ್ನೆ ಗೆರೆ ಎಳೆದೆವು. ಬಿಸಿಲಿಗೆ ಆ ನೀರು ಆರಿ ಗೆರೆಯಿಂದ ಕೆಳಗಿಳಿಯುತ್ತೆ, ಹಾಗಾಗಿ ದಿನಾ ಸಂಜೆ ನೋಡಿ ಸರಿಮಾಡಬೇಕು. ಇದು ನನಗೆ ಗೊತ್ತಾಗಿದ್ದು ಎರಡು ವಾರ ತಪ್ಪು ಲೆಕ್ಕ ಬರೆಸಿದ ಮೇಲೆ.

ಇಡುವ ಜಾಗಕ್ಕೂ ಜಗಳ ಆಯಿತು. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರ ಇರಬೇಕು. ಅಂಥ ಜಾಗ ಇದ್ದದ್ದು ಕಬಡ್ಡಿ ಅಂಕಣದ ನಡುವೆ ಮಾತ್ರ. ಪಿ.ಟಿ. ಮೇಷ್ಟ್ರು ಸುತರಾಂ ಒಪ್ಪಲಿಲ್ಲ. ಕೊನೆಗೆ ಧ್ವಜಕಂಬದ ಹಿಂದೆ ಮೂರು ಇಟ್ಟಿಗೆಗಳ ನಡುವೆ ಕೂರಿಸಿದೆವು.

ಹವಾಮಾನ ಇಲಾಖೆಯವರು ಮಳೆ ಓದುವುದು ಬೆಳಿಗ್ಗೆ 8:30ಕ್ಕೆ. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಅಷ್ಟೊತ್ತಿಗೆ ತೋಟದಲ್ಲೋ ಹಾಲಿನ ಡೈರಿ ಮುಂದೋ ಇರುತ್ತಾರೆ. ಹಾಗಾಗಿ ಶಾಲೆ ಪಕ್ಕದ ಬೀದಿಯ ನಾಲ್ವರಿಗೆ ಸರದಿ ಹಾಕಿದೆ. ಅವರಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗಿ ಇದ್ದಳು. ತರಗತಿಯಲ್ಲಿ ಬಾಯೇ ಬಿಡದವಳು.

ಜೂನ್ ಪೂರ್ತಿ ಹೆಚ್ಚು ಕಡಿಮೆ ಒಣಗಿಯೇ ಹೋಯಿತು. ಮಕ್ಕಳಿಗೆ ಬೇಜಾರು. "ಮಿಸ್, ಏನೂ ಇಲ್ಲ, ಏನು ಬರೆಯೋದು?" ಒಂದು ದಿನ ಪುಸ್ತಕದಲ್ಲಿ 140 ಮಿ.ಮೀ. ಅಂತ ಇತ್ತು. ಹೊರಗೆ ಸುಡು ಬಿಸಿಲು. ಹತ್ತನೇ ಕ್ಲಾಸಿನ ಯಾರೋ ನಲ್ಲಿ ನೀರು ಸುರಿದಿದ್ದರು. ಬೈಯಲಿಲ್ಲ. ಅವತ್ತು ಬೋರ್ಡಿನ ಮೇಲೆ ಒಂದು ನಿಯಮ ಬರೆದೆ. ಅಳೆದು ಏನೂ ಸಿಗದಿದ್ದರೆ 0. ಅಳೆಯದೇ ಇದ್ದರೆ ಅಡ್ಡಗೆರೆ. ಎರಡೂ ಒಂದೇ ಅಲ್ಲ. ವರ್ಷವಿಡೀ ನಾನು ಹಟ ಹಿಡಿದದ್ದು ಇದೊಂದಕ್ಕೇ.

ಪುಸ್ತಕದಲ್ಲಿ ತಾರೀಕಿನ ಪಕ್ಕ ಮಳೆ ನಕ್ಷತ್ರದ ಕಾಲಂ ಹಾಕಿಸಿದ್ದು ನನಗೇ ಅನಿರೀಕ್ಷಿತ ಲಾಭ ಕೊಟ್ಟಿತು. ಸೂರ್ಯ ವರ್ಷಕ್ಕೆ 27 ನಕ್ಷತ್ರ ಸುತ್ತುವುದರಿಂದ ಒಂದೊಂದಕ್ಕೆ 13–14 ದಿನ ಬರುತ್ತೆ. ಈ ಭಾಗಾಕಾರ ಕ್ಲಾಸಿನಲ್ಲೇ ಮಾಡಿಸಿದೆ. ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ಕೇಳಿ ಬನ್ನಿ ಅಂದಾಗ ಗಾದೆಗಳು ಬಂದವು. "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ." "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆಮಗ ಉಂಡಷ್ಟು ಒಳ್ಳೇದು." ಒಬ್ಬ ಅಜ್ಜ ಶಾಲೆಗೇ ಬಂದು ಪುಸ್ತಕ ತಿರುವಿ ನೋಡಿ, ಮೃಗಶಿರದ ಸೊನ್ನೆಗಳನ್ನು ಬೆರಳಲ್ಲಿ ಎಣಿಸಿ, ಏನೂ ಹೇಳದೆ ಹೋದರು.

ಜುಲೈನಲ್ಲಿ ಹಿಡಿದುಕೊಂಡಿತು ನೋಡಿ ಮಳೆ. ಒಂದು ಬೆಳಿಗ್ಗೆ ಬಾಟಲಿಯಲ್ಲಿ 40 ಮಿ.ಮೀ. ಮಕ್ಕಳು ಕುಣಿದಾಡಿದರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ನಮ್ಮ ಚಾವಣಿ ಅಳೆಸಿದೆ, ಸುಮಾರು 150 ಚದರ ಮೀಟರ್. ಒಂದೇ ರಾತ್ರಿ 6,000 ಲೀಟರ್, ಅಂದರೆ ನಮ್ಮ ಕರಿ ಟ್ಯಾಂಕು ಆರು ಸಲ ತುಂಬುವಷ್ಟು ನೀರು ಚರಂಡಿಗೆ ಹೋಗಿತ್ತು. ಬಿಸಿಯೂಟದ ಅಕ್ಕ ಇದನ್ನು ಕೇಳಿ, "ನಾನು ದಿನಾ ಬೋರಿನ ಹತ್ತಿರ ಕೊಡ ಹಿಡಿದು ನಿಲ್ತೀನಲ್ಲ ಮಿಸ್" ಅಂದರು. ಚಾವಣಿ ನೀರು ಹಿಡಿಯಲು ಪೈಪು ಹಾಕಿಸಬೇಕು ಅಂತ ಶಾಲೆ ನೋಡಿಕೊಳ್ಳುವ ಸಮಿತಿ ಎಸ್‌ಡಿಎಂಸಿಯ ಸಭೆಯಲ್ಲಿ ಕೇಳಿದೆ. ಆ ವರ್ಷ ಆಗಲಿಲ್ಲ.

ಆಗಸ್ಟ್ 15 ನಮಗೆ ವಿಶೇಷ. ನಮ್ಮೂರು ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತೆ. ಸರಿಯಾಗಿ ನೆತ್ತಿಗೆ ಬರುವ ಶೂನ್ಯ ನೆರಳಿನ ದಿನ ವರ್ಷಕ್ಕೆ ಎರಡು ಸಲ. ಏಪ್ರಿಲ್ 28ರ ಸುಮಾರಿಗೆ ಒಂದು, ಆಗ ಬೇಸಿಗೆ ರಜೆ. ಇನ್ನೊಂದು ಸ್ವಾತಂತ್ರ್ಯ ದಿನದ ಆಸುಪಾಸು. ಧ್ವಜಾರೋಹಣ ಆಗಿ ಸಿಹಿ ಹಂಚಿದ ಮೇಲೆ ಮಕ್ಕಳು ನಿಲ್ಲುತ್ತಾರಾ? ಇಪ್ಪತ್ತು ಮಂದಿ ನಿಂತರು. 12:31ಕ್ಕೆ ಮೋಡ ಸರಿಯಿತು. ಧ್ವಜಕಂಬ ನಂಬುವ ಹಾಗಿಲ್ಲ, ಅದು ಸ್ವಲ್ಪ ವಾಲಿದೆ ಅಂತ ಅವತ್ತೇ ಎಲ್ಲರಿಗೂ ಗೊತ್ತಾಯಿತು. ಆದರೆ ನೇರ ನಿಲ್ಲಿಸಿದ ಪಿವಿಸಿ ಪೈಪಿನ ತುಂಡು ನೆಲದ ಮೇಲೆ ಬರೀ ಒಂದು ಉಂಗುರ ಬರೆಯಿತು. ನೆರಳೇ ಇಲ್ಲ.

ಆಗಸ್ಟಿನಲ್ಲಿ ಆಕಾಶ ಅಷ್ಟು ಖಾಲಿ ಇದ್ದದ್ದು ಯಾಕೆ ಅಂತ ಆಮೇಲೆ ಅರ್ಥವಾಯಿತು. 1901ರಿಂದೀಚೆಗೆ ದೇಶದ ಅತಿ ಒಣ ಆಗಸ್ಟ್ ಅದು. ಮಘೆಯ ಕಾಲಂ ತುಂಬಾ ಸೊನ್ನೆ. ಸೆಪ್ಟೆಂಬರಿನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂದಿತು, ಮುಂದೆ ಅದು 223ಕ್ಕೆ ಏರಿತು. ಪತ್ರಿಕೆಯಲ್ಲಿ ಆ ಸುದ್ದಿ ಬಂದ ದಿನ ಮಕ್ಕಳು ತಾವಾಗಿಯೇ ಪುಸ್ತಕ ತಂದು ಪಕ್ಕದಲ್ಲಿಟ್ಟುಕೊಂಡು ಓದಿದರು.

ಉಳಿದದ್ದು ಹೇಳುವಂಥದ್ದೇನೂ ಅಲ್ಲ. ಗೋಡೆ ಪತ್ರಿಕೆ ಎರಡು ಸಂಚಿಕೆಗೆ ನಿಂತಿತು. ಪ್ರತಿಭಾ ಕಾರಂಜಿ ಒಂದು ತಿಂಗಳು ನುಂಗಿತು. ಡಿಸೆಂಬರಿನಿಂದ ಹತ್ತನೇ ಕ್ಲಾಸಿನವರು ಎಸ್ಸೆಸ್ಸೆಲ್ಸಿ ವಿಶೇಷ ತರಗತಿಗೆ ಹೋದರು, ಕ್ಲಬ್ ಎಂಟನೆಯವರ ಕೈಗೆ ಬಂತು. ನಿಜ ಹೇಳಬೇಕೆಂದರೆ ಆಮೇಲೆಯೇ ಅದು ಚೆನ್ನಾಗಿ ನಡೆದದ್ದು. ಫೆಬ್ರವರಿ ಹೊತ್ತಿಗೆ ಊರಿನವರು ಅಡಿಕೆ ಉಳಿಸಿಕೊಳ್ಳಲು ತೋಟಕ್ಕೆ ಟ್ಯಾಂಕರ್ ನೀರು ಹೊಡೆಸುತ್ತಿದ್ದರು. ಕೆಲವು ಮಕ್ಕಳು ಅಪ್ಪನ ಜೊತೆ ಪೈಪು ಹಿಡಿಯಲು ನಿಂತು ಶಾಲೆಗೆ ತಡವಾಗಿ ಬರುತ್ತಿದ್ದರು. ನಾನು ಹಾಜರಿ ಹಾಕಿದೆ.

ಏಪ್ರಿಲ್‌ನಲ್ಲಿ ರಜೆ ಬಂತು. ಬಾಟಲಿಯನ್ನು ಕಪಾಟಿನಲ್ಲಿ ಇಡಲು ಹೊರಟಿದ್ದೆ. ಆ ಬಾಯಿ ಬಿಡದ ಹುಡುಗಿ, "ಮಿಸ್, ಮನೆಗೆ ತಗೊಂಡು ಹೋಗ್ಲಾ?" ಅಂದಳು.

ಶಾಲೆ ತೆರೆದ ದಿನ ಪುಸ್ತಕ ತಂದುಕೊಟ್ಟಳು. ಸೊನ್ನೆ, ಸೊನ್ನೆ, ಸೊನ್ನೆ. ಏಪ್ರಿಲ್ 28ರ ಮುಂದೆ ಪುಟ್ಟದೊಂದು ಉಂಗುರದ ಚಿತ್ರ. ಮೇನಲ್ಲಿ ಕೆಲವು ಒಳ್ಳೆಯ ಮಳೆ. ನಡುವೆ ಮೂರು ದಿನ ಅಡ್ಡಗೆರೆ.

"ಇದೇನಮ್ಮ?" ಅಂದೆ.

"ಅಜ್ಜಿ ಊರಿಗೆ ಹೋಗಿದ್ದೆ ಮಿಸ್. ಮಳೆ ಬರ್ಲಿಲ್ಲ ಅಂತ ಅಮ್ಮ ಹೇಳಿದ್ರು. ಆದ್ರೆ ಅವರು ಅಳೆದಿರ್ಲಿಲ್ಲ."