ಮುಚ್ಚಿದ ತೂಬು ಮತ್ತು ನನ್ನ ಚೀವ್ನಿಂಗ್ ಅರ್ಜಿ

ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ ನಾನು ಎರಡು ಸಲ ಅರ್ಜಿ ಹಾಕಿದೆ. ಮೊದಲ ಸಲ ಸಂದರ್ಶನಕ್ಕೂ ಕರೆ ಬರಲಿಲ್ಲ. ಎರಡನೇ ಸಲ ಸಿಕ್ಕಿತು. ಆ ಒಂದು ವರ್ಷದಲ್ಲಿ ನನ್ನ ಅಂಕವೂ ಹೆಚ್ಚಾಗಲಿಲ್ಲ, ಕೆಲಸವೂ ಬದಲಾಗಲಿಲ್ಲ. ಹೊಸದಾಗಿ ಬರೆದಿದ್ದು ನಾಲ್ಕು ಪ್ರಬಂಧ, ಅಷ್ಟೇ.

ಇದು ಬ್ರಿಟನ್ ಸರ್ಕಾರ 1983ರಲ್ಲಿ ಶುರು ಮಾಡಿದ ಸ್ಕಾಲರ್‌ಶಿಪ್. ಅಲ್ಲಿ ಒಂದು ವರ್ಷ ಮಾಸ್ಟರ್ಸ್ ಓದಲು ಫೀಸು, ತಿಂಗಳ ಖರ್ಚು, ವಿಮಾನದ ಟಿಕೆಟ್ ಎಲ್ಲ ಅವರೇ ಕೊಡುತ್ತಾರೆ. ಪದವಿಯ ಜೊತೆ 2,800 ಗಂಟೆ ಕೆಲಸ ಮಾಡಿರಬೇಕು, ಅಂದರೆ ಸುಮಾರು ಎರಡು ವರ್ಷ. ಓದು ಮುಗಿದ ಮೇಲೆ ವಾಪಸ್ ಬಂದು ಕನಿಷ್ಠ ಎರಡು ವರ್ಷ ನಮ್ಮ ದೇಶದಲ್ಲೇ ಇರಬೇಕು.

ನನ್ನ ಕೆಲಸ ಕೋಲಾರದ ಕೆರೆಗಳದ್ದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ಮೊದಲ ಹಂತದಲ್ಲಿ ನಮ್ಮ ಕಡೆಯ 126 ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ಗೊತ್ತಿರಬೇಕಲ್ವಾ? 2018ರಲ್ಲಿ ನೀರು ಬರಲು ಶುರುವಾಯಿತು. ಆ ನೀರನ್ನು ನೇರವಾಗಿ ಹೊಲಕ್ಕೆ ಬಿಡುವಂತಿಲ್ಲ. ಅದು ಅಂತರ್ಜಲ ಹೆಚ್ಚಲಿ ಅಂತ ಬಿಡುವ ನೀರು. ಆದರೆ ವರ್ಷಗಟ್ಟಲೆ ಒಣಗಿದ್ದ ಕೆರೆ ಕಣ್ಣೆದುರೇ ತುಂಬಿ ನಿಂತಾಗ, ಹೊಲಕ್ಕೆ ನೀರು ಬಿಡುವ ತೂಬು ಎತ್ತಬೇಡಿ ಅಂದರೆ ಯಾರು ಕೇಳುತ್ತಾರೆ? ನಾನಿದ್ದ ಊರಲ್ಲಿ ಅದೇ ಜಗಳ. ನಾನೂ, ಕೆರೆ ನೀರು ನೋಡಿಕೊಳ್ಳುವ ಅಲ್ಲಿನ ನೀರುಗಂಟಿ ತಾತನೂ ಮನೆಮನೆಗೆ ಹೋಗಿ, ಎರಡು ತಿಂಗಳು ಮಾತಾಡಿ, ತೂಬು ಮುಚ್ಚೇ ಇರುವ ಹಾಗೆ ನೋಡಿಕೊಂಡೆವು. ಅದೇ ಬೇಸಿಗೆಯಲ್ಲಿ ಬತ್ತಿದ್ದ ಬಾವಿಯೊಂದರಲ್ಲಿ ನೀರು ಕಂಡಿತು.

ಮೊದಲ ಅರ್ಜಿಯಲ್ಲಿ ಇದರ ಒಂದು ಸಾಲೂ ಇರಲಿಲ್ಲ! ನಾಯಕತ್ವದ ಪ್ರಬಂಧದಲ್ಲಿ ಸುಸ್ಥಿರ ಅಭಿವೃದ್ಧಿ, ಸಮುದಾಯದ ಸಬಲೀಕರಣ ಅಂತೆಲ್ಲ ತುಂಬಿಸಿದ್ದೆ. ಸಂಪರ್ಕಜಾಲದ (ನೆಟ್‌ವರ್ಕಿಂಗ್) ಪ್ರಬಂಧದಲ್ಲಿ ಹೋಗಿಬಂದ ಸಮ್ಮೇಳನಗಳ ಪಟ್ಟಿ. ತಿರಸ್ಕಾರದ ಮೇಲ್ ಬಂದ ವಾರ ನಾಯಕತ್ವದ ಪ್ರಬಂಧವನ್ನು ಕೆರೆ ಕಟ್ಟೆ ಮೇಲೆ ಕೂತು ತಾತನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಬೀಡಿ ಆರಿದ್ದೂ ಗೊತ್ತಾಗದೆ ಕೊನೆತನಕ ಕೇಳಿದರು. ಆಮೇಲೆ, ‘ಎಲ್ಲಾ ಸರಿ ಕಣಮ್ಮ, ತೂಬು ಮುಚ್ಸಿದ್ ಯಾರು? ಅದೇ ಇಲ್ವಲ್ಲ ಇದ್ರಲ್ಲಿ’ ಅಂದರು.

ಆವತ್ತು ರಾತ್ರಿಯೇ ಕನ್ನಡದಲ್ಲಿ ಬರೆಯಲು ಕೂತೆ. ಯಾರು ಏನಂದರು, ನಾನೇನು ಮಾಡಿದೆ, ಎಲ್ಲಿ ಸೋತೆ, ಅಷ್ಟೇ. ಇಂಗ್ಲಿಷಿಗೆ ತಂದಿದ್ದು ಆಮೇಲೆ. ಆಗ ಒಂದೊಂದು ಪ್ರಬಂಧಕ್ಕೆ 500 ಪದದ ಮಿತಿ ಇತ್ತು. ಹನ್ನೊಂದು ಸಲ ತಿದ್ದಿದೆ. ಸಂಪರ್ಕಜಾಲ ಅಂದಾಗ ನೀರುಗಂಟಿಗಳು, ಪಂಚಾಯಿತಿಯ ಪಿಡಿಒ, ಮಹಿಳಾ ಸಂಘದವರು ಒಂದೇ ಜಗಲಿಯಲ್ಲಿ ಕೂತಿದ್ದನ್ನು ಬರೆದೆ. ಕನ್ನಡ ಮೀಡಿಯಂನವರಿಗೆ ಈ ದಾರಿಯನ್ನು ಧೈರ್ಯವಾಗಿ ಹೇಳುತ್ತೇನೆ. ಇಂಗ್ಲಿಷಲ್ಲೇ ಶುರು ಮಾಡಿದರೆ ನಮ್ಮ ಕೈಗೆ ಸಿಗುವುದು ಬೇರೆಯವರ ಮಾತು.

ಅರ್ಜಿಯಲ್ಲಿ ಮೂರು ಕೋರ್ಸ್ ಹೆಸರಿಸಬೇಕು. ನಾನು ಆಕ್ಸ್‌ಫರ್ಡ್, ಲೀಡ್ಸ್, ಈಸ್ಟ್ ಆಂಗ್ಲಿಯಾ ಬರೆದೆ, ಮೂರೂ ನೀರಿನ ಕೋರ್ಸುಗಳೇ. ವಿಶ್ವವಿದ್ಯಾಲಯಗಳಿಗೆ ಬೇರೆಯಾಗಿ ಅರ್ಜಿ ಹಾಕಬೇಕು ಅನ್ನೋದು ತುಂಬಾ ಜನರಿಗೆ ಗೊತ್ತಿರಲ್ಲ.

ಸಂದರ್ಶನದಲ್ಲಿ ಜಾಸ್ತಿ ಕೇಳಿದ್ದು ತೂಬಿನ ಬಗ್ಗೆಯೇ. ‘ರೈತರು ಒಪ್ಪದೇ ಹೋಗಿದ್ದರೆ?’ ಅಂದರು. ಒಪ್ಪದ ಮೂರು ಮನೆಯವರು ಇವತ್ತಿಗೂ ನನ್ನ ಹತ್ತಿರ ಮಾತಾಡಲ್ಲ ಅಂತ ಇದ್ದದ್ದನ್ನೇ ಹೇಳಿದೆ.

ಜೂನ್‌ನಲ್ಲಿ ಆಯ್ಕೆಯ ಸುದ್ದಿ ಬಂತು. ಆದರೆ ವಿಶ್ವವಿದ್ಯಾಲಯದಿಂದ ಷರತ್ತಿಲ್ಲದ ಸೀಟು ಜುಲೈ ಗಡುವಿನೊಳಗೆ ಕೈಗೆ ಬರಬೇಕು. ನನ್ನ ಪದವಿಯ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಗಳ ಅಧಿಕೃತ ಪಟ್ಟಿ, ಬರಲು ಮೂರು ತಿಂಗಳು ಹಿಡಿದಿತ್ತು. ನೀವು ಅದಕ್ಕೆ ಪ್ರಬಂಧಕ್ಕಿಂತ ಮೊದಲೇ ಹಣ ಕಟ್ಟಿಬಿಡಿ. ಈಸ್ಟ್ ಆಂಗ್ಲಿಯಾದ ಪತ್ರ ಬಂದಾಗ ಗಡುವಿಗೆ ಎಂಟೇ ದಿನ ಇತ್ತು.

ಸಂಜೆ ಕಟ್ಟೆಗೆ ಹೋಗಿ ತಾತನಿಗೆ ಹೇಳಿದೆ. ಓದು ಮುಗಿಸಿ ಬಂದು ಎರಡು ವರ್ಷ ಇಲ್ಲೇ ಇರಬೇಕಂತೆ ಅಂದೆ.

‘ಹಂಗಾದ್ರೆ ತೂಬಿನ ರಿಪೇರಿಗೆ ನೀನಿರ್ತೀಯ’ ಅಂದರು.