ನಸುಕಿನ ನಾಲ್ಕು ತಾಸು

ನಾನು ಕಲಬುರಗಿಯಲ್ಲಿ ದಾಲ್ ಮಿಲ್ಲುಗಳ ಲೆಕ್ಕ ಬರೆಯುತ್ತೇನೆ. ಕೆಲಸ ಮನೆಯಲ್ಲೇ. ಎರಡು ವರ್ಷದ ಹಿಂದೆ, ಮೇ ತಿಂಗಳ ಉರಿಬಿಸಿಲಿನ ಒಂದು ಮಧ್ಯಾಹ್ನ 1,26,000 ರೂಪಾಯಿಯ ಬಿಲ್ಲನ್ನು 1,62,000 ಅಂತ ಬರೆದುಬಿಟ್ಟೆ. ಲೆಕ್ಕ ತಾಳೆಯಾಗಲಿಲ್ಲ. ಸಂಜೆಯಿಡೀ ಹುಡುಕಿದೆ. ರಾತ್ರಿ ಹನ್ನೊಂದಕ್ಕೆ, ಗಾಳಿ ಸ್ವಲ್ಪ ತಂಪಾದ ಮೇಲೆ ಹೊಳೆಯಿತು. ವ್ಯತ್ಯಾಸ 36,000. ಅದು 9ರಿಂದ ಸರಿಯಾಗಿ ಭಾಗವಾಗುತ್ತದೆ. ಎರಡು ಅಂಕಿ ಹಿಂದುಮುಂದಾದರೆ ವ್ಯತ್ಯಾಸ ಯಾವತ್ತೂ ಹಾಗೇ ಬರುತ್ತದೆ. ಲೆಕ್ಕ ಕಲಿಯುವಾಗ ಮೊದಲು ಹೇಳಿಕೊಟ್ಟ ಪಾಠ, ಬಿಸಿಲಲ್ಲಿ ಅದೂ ನೆನಪಾಗಿರಲಿಲ್ಲ.

ಅವ್ವ ಅಂದಳು, "ಬಿಸಲಾಗ ಯಾಕ ಬಡದಾಡ್ತಿ ಯಪ್ಪಾ? ಹೊಲಕ್ಕ ಹೋಗೋರು ನಸುಕಿನ್ಯಾಗ ಹೋಗೂದಿಲ್ಲೇನು?"

ಮಾರನೇ ವಾರದಿಂದ ಐದಕ್ಕೆ ಕೂರತೊಡಗಿದೆ. ಐದರಿಂದ ಒಂಬತ್ತು, ನಾಲ್ಕು ತಾಸು. ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡುವುದು, ಜಿಎಸ್‌ಟಿ ರಿಟರ್ನ್, ತಲೆ ಬೇಕಾದ ಕೆಲಸವೆಲ್ಲ ಆಗಲೇ. ಮಧ್ಯಾಹ್ನಕ್ಕೆ ಬಿಲ್ಲು ಜೋಡಿಸುವುದು, ಸ್ಕ್ಯಾನ್ ಮಾಡುವುದು ಮಾತ್ರ.

ಏಳೋದು ಕಷ್ಟ ಆಗಲಿಲ್ಲ, ಬೇಗ ಮಲಗೋದು ಕಷ್ಟ ಆಯಿತು. ಸಂಜೆ ಏಳಕ್ಕೆ ಚಹಾ ಕುಡಿಯುವ ರೂಢಿಯಿತ್ತು. ಚಹಾದ ಕೆಫೀನ್ ಐದಾರು ತಾಸಾದರೂ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಹಾಗಾಗಿ ಕೊನೆಯ ಚಹಾ ಮೂರು ಗಂಟೆಗೆ ತಂದೆ. ಬಿಸಿಲು ಇಳಿದ ಮೇಲೆ ಊರಿನ 'ಅಪ್ಪನ ಕೆರೆ'ಯ ದಂಡೆಯಲ್ಲಿ ಅರ್ಧ ತಾಸು ನಡೆಯುತ್ತೇನೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಗೆ. ಒಂಬತ್ತೂವರೆಗೆ ನಿದ್ದೆ ಹತ್ತೋಕೆ ಮೂರು ವಾರ ಹಿಡಿಯಿತು.

ಫೋನಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಸೈಲೆಂಟ್‌ಗೆ ಹಾಕಿ ಪಕ್ಕದಲ್ಲಿಟ್ಟರೆ ಕೈ ತಾನೇ ಹೋಗುತ್ತದೆ ಅಲ್ವಾ? ಅದಕ್ಕೆ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಇಡುತ್ತೇನೆ. ಎಂಟಕ್ಕೆ ಅವ್ವ ಹಿಟ್ಟು ತೆಗೆಯುವಾಗ ಅದನ್ನು ಗೂಡಿಗೆ ಸರಿಸುತ್ತಾಳೆ, ನನಗೆ ತಂದು ಕೊಡುವುದಿಲ್ಲ. ರೊಟ್ಟಿ ಬಡಿಯುವ ಸದ್ದು ಕೇಳಿದರೆ ಇನ್ನೊಂದೇ ತಾಸು ಉಳಿದಿದೆ ಅಂತ ಗೊತ್ತಾಗುತ್ತದೆ, ಗಡಿಯಾರ ನೋಡಬೇಕಿಲ್ಲ. ಹತ್ತರ ಮೇಲೆ ಫೋನ್ ಮಾಡಿ ಅಂತ ವ್ಯಾಪಾರಿಗಳಿಗೆ ಹೇಳಿದೆ. ಒಬ್ಬರು ಬೇಜಾರಾದರು, ಉಳಿದವರು ಒಪ್ಪಿದರು.

ಊಟಕ್ಕೆ ಒಂದು ರೊಟ್ಟಿ ಕಡಿಮೆ, ಮಜ್ಜಿಗೆ ಜಾಸ್ತಿ. ಆಮೇಲೆ ಅಲಾರಂ ಇಟ್ಟು 20 ನಿಮಿಷ ಮಲಗುತ್ತೇನೆ. ತಾಸುಗಟ್ಟಲೆ ಮಲಗಿದರೆ ಎದ್ದ ಮೇಲೂ ತಲೆ ಭಾರ.

ಕೆಲಸ ಬಿಟ್ಟು ಏಳುವಾಗ ಅದು ಎಲ್ಲಿ ನಿಂತಿತು, ಮುಂದೇನು ಅಂತ ಚೀಟಿಯಲ್ಲಿ ಒಂದು ಸಾಲು ಬರೆದಿಡುತ್ತೇನೆ. ಮರುದಿನ ನಸುಕಿನಲ್ಲಿ ಹುಡುಕಾಡದೆ ಅಲ್ಲಿಂದಲೇ ಶುರು.

ತಿಂಗಳ 11 ಮತ್ತು 20, ರಿಟರ್ನ್ ಹಾಕುವ ಕಡೇ ದಿನಗಳಲ್ಲಿ ಈಗಲೂ ರಾತ್ರಿ ಕೂರಬೇಕಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆದು ಬಿಲ್ಲು ಹೆಚ್ಚಾದಾಗ ಮಧ್ಯಾಹ್ನವೂ ಲೆಕ್ಕಕ್ಕೇ ಹೋಗುತ್ತದೆ. ಆಗ ಹೊರಗೆ ತಂಪಿರುತ್ತದೆ, ತಲೆ ಓಡುತ್ತದೆ. ಆ ಎರಡು ತಿಂಗಳು ಆರಕ್ಕೆ ಕೂರುತ್ತೇನೆ.