ದತ್ತು ಮಗಳ ದಿಂಬಿನೊಳಗೆ ಸಿಕ್ಕ ಚಪಾತಿ: ನನ್ನ ಅನುಭವ

ಮಗಳು ಪುಣೆಯ ಕೋಥ್ರೂಡಿನ ನಮ್ಮ ಮನೆಗೆ ಬಂದಾಗ ಅವಳಿಗೆ 4 ವರ್ಷ. ನಮ್ಮದು ಧಾರವಾಡದ ಕನ್ನಡ, ಅವಳದು ಅಪ್ಪಟ ಮರಾಠಿ. ಮನೆ, ಮುಖ, ಹಾಸಿಗೆ ಎಲ್ಲ ಒಂದೇ ದಿನ ಬದಲಾದ ಮಗುವಿನಿಂದ ಮಾತನ್ನೂ ಕಿತ್ತುಕೊಳ್ಳಬಾರದು ಎಂದು ಮೊದಲೇ ನಿಶ್ಚಯಿಸಿದ್ದೆವು. ಮಲಗಿಸುವಾಗ, ಜ್ವರ ಬಂದಾಗ, ಅತ್ತಾಗ ಮರಾಠಿಯೇ. ಕನ್ನಡ ಅಡುಗೆಮನೆಯಲ್ಲಿ ಅತ್ತೆಯವರ ಹಿಂದೆ ಮುಂದೆ ಓಡಾಡುತ್ತ ತಾನಾಗಿ ಬಂತು: ‘ಅಜ್ಜಿ, ಇನ್ನೊಂಚೂರು ಹಾಕು.’

ಊಟದ್ದೇ ದೊಡ್ಡ ಕಥೆ. ಹಾಸಿಗೆ ಬದಲಿಸುವಾಗ ದಿಂಬಿನ ಕವರಿನೊಳಗೆ ಒಣಗಿದ ಚಪಾತಿ, ಪಾರ್ಲೆ-ಜಿ ಪುಡಿ, ಇರುವೆ ಸಾಲು ಸಿಗುತ್ತಿದ್ದವು. ಅವಳು ಮೊದಲಿದ್ದ ದತ್ತು ಸಂಸ್ಥೆಯಲ್ಲಿ ಹೊಟ್ಟೆ ತುಂಬ ಊಟ ಇತ್ತು. ಆದರೆ ಅದು ಗಂಟೆಗೆ ಸರಿಯಾಗಿ, ಸಾಲಿನಲ್ಲಿ ಕೂತು. ಬೇಕೆನಿಸಿದಾಗ ಕೈಚಾಚಿ ತೆಗೆದುಕೊಳ್ಳುವುದು ಅವಳಿಗೆ ಗೊತ್ತಿರಲಿಲ್ಲ. ಗದರಲಿಲ್ಲ. ಅವಳ ಕೈಗೆಟಕುವ ಕಪಾಟಿನಲ್ಲಿ ಒಂದು ಡಬ್ಬಿ ಇಟ್ಟೆವು. ಚಿಕ್ಕಿ, ಚುರುಮುರಿ, ಬಿಸ್ಕತ್ತು. ಯಾರನ್ನೂ ಕೇಳಬೇಕಿಲ್ಲ, ಅದು ಖಾಲಿಯಾಗುವುದೂ ಇಲ್ಲ. ಎಷ್ಟೋ ಸಲ ಮುಚ್ಚಳ ತೆಗೆದು ನೋಡಿ, ಏನೂ ತಿನ್ನದೆ ಮುಚ್ಚಿ ಹೋಗುತ್ತಿದ್ದಳು. ತಿಂಗಳುಗಳು ಕಳೆದ ಮೇಲೆ ದಿಂಬಿನೊಳಗೆ ಏನೂ ಸಿಗದಾಯಿತು.

ದತ್ತು ನಿಯಮದಂತೆ ಮೊದಲ 2 ವರ್ಷ ಪ್ರತಿ 6 ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತೆ ವಿಚಾರಿಸುತ್ತಾರೆ. ಅದನ್ನು ತಪಾಸಣೆ ಎಂದುಕೊಂಡು ಎಲ್ಲ ಚೆನ್ನಾಗಿದೆ ಅನ್ನುವವರೇ ಹೆಚ್ಚು. ನಾನು ದಿಂಬಿನ ವಿಷಯ, ರಾತ್ರಿ ಬೆಚ್ಚಿ ಏಳುವ ವಿಷಯ ಎಲ್ಲ ಹೇಳಿದೆ. ಮಕ್ಕಳ ಆಪ್ತಸಮಾಲೋಚಕರ ದಾರಿ ಸಿಕ್ಕಿದ್ದು ಹಾಗೆ.

‘ನಿಮ್ಮಂಥವರು ಸಿಕ್ಕಿದ್ದು ಅವಳ ಪುಣ್ಯ’ ಎಂದು ನೆಂಟರು ಅವಳೆದುರೇ ಅಂದರೆ, ಎಷ್ಟೇ ಹಿರಿಯರಿರಲಿ, ಅಲ್ಲೇ ತಡೆಯುತ್ತೇನೆ. ಋಣ ಹೊತ್ತ ಮಗು ನಮ್ಮ ಮೇಲೆ ಸಿಟ್ಟಾಗಲೂ ಹೆದರುತ್ತದೆ.

ಕರ್ವೆ ರಸ್ತೆಯ ಸಿಗ್ನಲ್‌ನಲ್ಲಿ, ಸ್ಕೂಟರಿನ ಹಿಂದೆ ಕೂತು ಒಮ್ಮೆ ಕೇಳಿದಳು: ‘ಮೊದಲಿನ ಆಯಿ ನನ್ನನ್ನ ಯಾಕೆ ಬಿಟ್ಟಳು?’ ಗೊತ್ತಿಲ್ಲ ಪುಟ್ಟಾ, ನೀನು ಏನೋ ಮಾಡಿದ್ದಕ್ಕಂತೂ ಅಲ್ಲ ಅಂದೆ. ಪ್ರೀತಿಯಿಂದಲೇ ಬಿಟ್ಟಳು ಎಂದು ಕಥೆ ಕಟ್ಟಲಿಲ್ಲ. ಹಾಗಂದರೆ, ಪ್ರೀತಿಸುವ ನಾವೂ ಒಂದು ದಿನ ಬಿಟ್ಟೇವೆಂದು ಮಗು ಲೆಕ್ಕ ಹಾಕುತ್ತದೆ. ಮನೆಗೆ ಬಂದು ಅತ್ತಳು. ಪಕ್ಕದಲ್ಲಿ ಕೂತೆ, ಐಸ್‌ಕ್ರೀಮ್ ಕೊಟ್ಟು ಸುಮ್ಮನಾಗಿಸಲಿಲ್ಲ.

ಸಂಸ್ಥೆ ಕೊಟ್ಟ ವರದಿಗಳು, ಮೊದಲ ಫೋಟೊ ಅವಳ ಹೆಸರಿನ ಫೈಲಿನಲ್ಲಿವೆ. 18 ತುಂಬಿದ ಮೇಲೆ ಮೂಲದ ಹುಡುಕಾಟಕ್ಕೆ ತಾನೇ ಅರ್ಜಿ ಹಾಕಬಹುದು. ಅದಕ್ಕೆ ಮೊದಲಾದರೆ ನಾವೂ ಜೊತೆಗೂಡಬೇಕು. ಕೂಡುತ್ತೇವೆಂದು ಈಗಲೇ ಹೇಳಿದ್ದೇವೆ.